ಕುಬಸದ ಬಳೆ, ಪಕ್ಕದ ಮನೆಯ ದನಿ

ಅಂದು ನಳ ಬರುವ ದಿನ. ನಮ್ಮ ಸೊಲ್ಲಾಪುರದಲ್ಲಿ ಸೋಮವಾರ, ಮಂಗಳವಾರಗಳಿಗಿಂತ ನಳ ಬರುವ ದಿನ, ಬಾರದ ದಿನ ಎಂಬ ಲೆಕ್ಕವೇ ಹೆಚ್ಚು ನಡೆಯುತ್ತದೆ. ನಸುಕಿನಲ್ಲೇ ಎದ್ದು ಕೊಡ, ಬಕೀಟು ತುಂಬಿಸಿದೆ, ಕೊನೆಗೆ ಕುಕ್ಕರಿಗೂ ನೀರು ಹಿಡಿದೆ. ಕಣಕ ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಅತ್ತೆಯ ಚಹಾಕ್ಕೆ ಡಾಕ್ಟರು ಹೇಳಿದಷ್ಟೇ ಸಕ್ಕರೆ ಹಾಕಿ, ಕಪ್ಪಿನ ಮೇಲೆ ಬಶಿ ಮುಚ್ಚಿ ಅವರ ಕುರ್ಚಿಯ ಹತ್ತಿರ ಒಯ್ದೆ. ಕುರ್ಚಿ ಖಾಲಿ ಇತ್ತು.

ಹುಡುಕುವ ಅಗತ್ಯ ಇರಲಿಲ್ಲ. ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆಯ ಫೋನು ದೊಡ್ಡ ದನಿಯಲ್ಲಿ ಮಾತಾಡುತ್ತಿತ್ತು. ನಡುನಡುವೆ ಅತ್ತೆಯ "ಹೌದೇನವಾ! ಅಯ್ಯ ಶಿವನೇ!" ಕೇಳುತ್ತಿತ್ತು. ಅವರು ಅಲ್ಲಿ ಸಕ್ಕರೆ ಸುರಿದ ಚಹಾ ಕುಡಿಯುತ್ತಿದ್ದಾರೆಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು. ನನ್ನ ಚಹಾದ ಮೇಲೆ ಕೆನೆ ಕಟ್ಟಿತು. ಅದನ್ನು ನಾನೇ ಕುಡಿದೆ.

ವಿಜಾಪುರ ರಸ್ತೆಯ ನಮ್ಮ ಕಟ್ಟಡಕ್ಕೆ ಆಕೆ ಬಂದು ಬಹಳ ಕಾಲವಾಗಿಲ್ಲ. ಮಂದ್ರೂಪದ ಕಡೆಯ ಕಬ್ಬಿನ ಹೊಲದವರ ಮಗಳು, ಊರ ಮರಾಠಿ ಸಾಲೆಯಲ್ಲಿ ಓದಿದವಳು. ಕಟ್ಟಡದ ಹೆಂಗಸರಿಗಾಗಿ ವಾಟ್ಸಾಪ್ ಗುಂಪು ಕಟ್ಟಿದವಳು ನಾನು. ನೀರು, ಲಿಫ್ಟು, ಕಸದ ಗಾಡಿ, ಇಷ್ಟಕ್ಕೆ ಮಾತ್ರ ಎಂದು ಮೊದಲ ಸಾಲಿನಲ್ಲೇ ವಿನಯದಿಂದ ಬರೆದಿದ್ದೆ. ಈಗ ಆ ಗುಂಪು ಆಕೆಯದು. ಯಾರೂ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ. ಮನೆಯಲ್ಲಿ ಬೆಕ್ಕು ತನಗೆ ಬೇಕಾದ ಹಾಸಿಗೆ ಆರಿಸಿಕೊಳ್ಳುವ ಹಾಗೆ ಆಕೆ ಅಲ್ಲಿ ಕೂತಳು, ಅಷ್ಟೆ.

ಆಕೆ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. "ಏ ನಮ್ಮ ಬಾಯಾಂದಿರಾ, ಕೆಲಸ ಬಿಟ್ಟು ಕೇಳ್ರಿ ಇಲ್ಲೆ..." ಎಂದು ಶುರುವಾಗುತ್ತದೆ. ಹಿಂದೆ ಒಗ್ಗರಣೆಯ ಸದ್ದು ಇರುತ್ತದೆ, ಕುಕ್ಕರು ಕೂಗುತ್ತದೆ, ಒಮ್ಮೊಮ್ಮೆ ಆಕೆ ಮಾತು ನಿಲ್ಲಿಸಿ ಉಪ್ಪು ನೋಡುತ್ತಾಳೆ. ಅಡುಗೆ ಮನೆಯಿಂದ ಬಂದ ಮಾತನ್ನು ಅಡುಗೆ ಮನೆಯಲ್ಲಿದ್ದವರು ಸುಳ್ಳೆಂದು ಹೇಗೆ ತಿಳಿದಾರು?

ಕೆಲವು ದಿನಗಳ ಹಿಂದೆ ಆಕೆಯಿಂದ ಒಂದು ವಿಡಿಯೋ ಬಂದಿತ್ತು. ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ, ಕೈಯಲ್ಲಿ ಹಸಿರು ಗಾಜಿನ ಬಳೆ, ಹಿಂದೆ ಎದೆ ನಡುಗಿಸುವ ಸಂಗೀತ. 'ಕೆಲವು ಜನ' ಬಳೆಗಳಿಗೆ ಒಂದು ಪುಡಿ ಸವರುತ್ತಾರಂತೆ. ಬಸುರಿಯರು ತೊಟ್ಟರೆ ಹೊಟ್ಟೆಯ ಕೂಸಿಗೆ ಅಪಾಯವಂತೆ. ಬಳೆ ಕೊಳ್ಳುವುದಿದ್ದರೆ ನಮ್ಮವರ ಅಂಗಡಿಯಲ್ಲೇ ಕೊಳ್ಳಿ, ಪ್ರತಿ ತಾಯಿಗೂ ಇದನ್ನು ತಲುಪಿಸಿ. ಯಾವ ಜನ ಎಂದು ಹೇಳಿರಲಿಲ್ಲ. ನಮ್ಮ ಕಡೆ ಮನೆಮನೆಗೆ ಬಂದು ಬಳೆ ಇಡುವವರಲ್ಲಿ ಬಹುಪಾಲು ಮುಸಲ್ಮಾನರು. ಹೆಸರು ಹೇಳದಿದ್ದುದರಿಂದಲೇ ಎಲ್ಲರಿಗೂ ಅರ್ಥವಾಯಿತು. ಕೆಳಗೆ ಆಕೆಯ ದನಿ: "ಹುಷಾರ ಇರ್ರೆವಾ, ಮನ್ಯಾಗ ಬಸರಿ ಹುಡುಗ್ಯಾರ ಅದಾರ."

ನಾನು ಉತ್ತರ ಬರೆದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಆದಿ, ಮಧ್ಯ, ಅಂತ್ಯ ಇಟ್ಟು, ಶುದ್ಧ ಮರಾಠಿಯಲ್ಲಿ ಬರೆದೆ. ಈ ಡಾಕ್ಟರು ಯಾರು, ಯಾವ ಆಸ್ಪತ್ರೆ? ಯಾವ ಕೂಸಿಗೆ, ಯಾವ ಊರಿನಲ್ಲಿ ಏನಾಯಿತು? ಬಡವರ ಹೊಟ್ಟೆಯ ಮೇಲೆ ಹೊಡೆಯುವ ಮಾತನ್ನು ಪರೀಕ್ಷಿಸದೆ ಮುಂದೆ ಕಳಿಸಬಹುದೇ? ಅಲ್ಪವಿರಾಮಗಳನ್ನು ಸಹ ಮತ್ತೆ ನೋಡಿ ಕಳಿಸಿದೆ. ಒಬ್ಬಾಕೆ ಹೆಬ್ಬೆಟ್ಟು ಒತ್ತಿದಳು. ಆಕೆ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುವವಳು. ಅದರ ಕೆಳಗೇ ಪಕ್ಕದ ಮನೆಯಾಕೆ ತಾನು ಕರಿದ ಸಾಬೂದಾಣಿ ವಡೆಯ ಫೋಟೋ ಹಾಕಿದಳು. ಗುಂಪಿನ ತುಂಬ ಹೃದಯಗಳು ಸುರಿದವು.

ಸಂಜೆ ಅತ್ತೆ ಹೇಳಿದರು, "ನೀ ಏನೋ ಬರದಿದ್ದೆಂತಲ್ಲ. ಭಾಳ ಶ್ಯಾಣೇತನದ್ದು ಇತ್ತಂತ. ಆಕಿ ಅಂದ್ಲು."

ನನ್ನ ಮಾತಿನ ಹೊಗಳಿಕೆಯೂ ಆಕೆಯ ಬಾಯಿಂದಲೇ ನನ್ನ ಮನೆಗೆ ಬರಬೇಕಾಯಿತು.

ನಳ ಬಂದ ಆ ಬೆಳಿಗ್ಗೆ ನಾವು ಅಕ್ಕಲಕೋಟಕ್ಕೆ ಹೊರಟಿದ್ದೆವು. ನನ್ನ ನಾದಿನಿಯ ಬಸುರಿ ಮಗಳಿಗೆ ಕುಬಸ, ಏಳನೇ ತಿಂಗಳು. ಪಕ್ಕದ ಮನೆಯಾಕೆಯನ್ನೂ ಅತ್ತೆ ಕರೆದಿದ್ದರು. ಬಸ್ಸಿನಲ್ಲಿ ಅತ್ತೆಯ ಪಕ್ಕದ ಸೀಟು ಆಕೆಗೆ ಸಿಕ್ಕಿತು. ನಾನು ಹಿಂದಿನ ಸೀಟಿನಲ್ಲಿ ಬಯಕೆಯ ಬುತ್ತಿಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಊರು ದಾಟುವ ಮೊದಲೇ ಮುಂದಿನ ಸೀಟಿನ ಅಪರಿಚಿತ ಹೆಂಗಸು ಆಕೆಗೆ ಪೇರಲಹಣ್ಣು ಕೊಟ್ಟು, ತನ್ನ ಮಗನಿಗೆ ಹೆಣ್ಣು ಹುಡುಕಲು ಹೇಳುತ್ತಿದ್ದಳು. ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ ನನಗೆ ಯಾರೂ ಒಂದು ಹಣ್ಣು ಕೊಟ್ಟದ್ದಿಲ್ಲ. ನನಗೆ ಪೇರಲ ಸೇರುವುದಿಲ್ಲ, ಆದರೂ ಅದರ ವಾಸನೆ ಅಕ್ಕಲಕೋಟದವರೆಗೆ ನನ್ನನ್ನು ಚುಚ್ಚಿತು.

ನಾದಿನಿಗೆ ಆ ವಿಡಿಯೋ ಮೊದಲೇ ಮುಟ್ಟಿತ್ತು. ಅತ್ತೆಯೇ ಕಳಿಸಿದ್ದರು. ಗೊತ್ತಾದ ದಿನವೇ ನಾನು ಫೋನು ಮಾಡಿ ಎಲ್ಲ ತಿಳಿಸಿ ಹೇಳಿದ್ದೆ. ಆಕೆ ಸಮಾಧಾನದಿಂದ ಕೇಳಿ, "ವೈನಿ, ನೀವು ಹೇಳೂದು ಖರೇ ಇರಬಹುದು. ಆದ್ರ ಅವರು ಹೇಳೂದು ಖರೇ ಇದ್ರ? ಹೊಟ್ಯಾಗ ಕೂಸ ಅದರಿ" ಎಂದಳು. ಈಗ ಯೋಚಿಸಿದರೆ ಆ ವಿಡಿಯೋದ ಜಾಣತನ ಕಾಣುತ್ತದೆ. ನಂಬಿ ಎಂದು ಅದು ಯಾರನ್ನೂ ಒತ್ತಾಯಿಸಲಿಲ್ಲ. ಸ್ವಲ್ಪ ಜಾಗರೂಕರಾಗಿರಿ ಎಂದಿತು, ಅಷ್ಟೆ. ನಮ್ಮ ಜಾಗರೂಕತೆಯಿಂದ ನಮಗೇನೂ ನಷ್ಟವಿಲ್ಲ. ನಷ್ಟವಾಗುವವರು ನಮ್ಮ ಗುಂಪಿನಲ್ಲಿ ಇರುವುದೇ ಇಲ್ಲ.

ಹುಡುಗಿ ಹಸಿರು ಸೀರೆಯುಟ್ಟು ಹೂವು ಸುತ್ತಿದ ಜೋಕಾಲಿಯ ಮೇಲೆ ಕೂತಿದ್ದಳು. 'ನಮ್ಮವರ' ಅಂಗಡಿಯಿಂದ ತಂದ ಬಳೆಯ ಪೆಟ್ಟಿಗೆಯನ್ನು ನಾದಿನಿ ಎಲ್ಲರಿಗೂ ತೋರಿಸಿ, ತಾನೇ ಮಗಳ ಕೈಗೆ ಏರಿಸಿದಳು. ಬಳೆ ದೊಡ್ಡವಾಗಿ ಮೊಣಕೈವರೆಗೆ ಜಾರಿದವು.

ಆಗ ಬಾಗಿಲಲ್ಲಿ ನಮ್ಮ ಬಳೆಗಾರ್ತಿ ಬೀಬಿ ಕಾಣಿಸಿದಳು. ಕರಜಗಿಯಿಂದ ಎಸ್‌ಟಿ ಬಸ್ಸು ಹತ್ತಿ, ಬಟ್ಟೆಯಲ್ಲಿ ಕಟ್ಟಿದ ಬಳೆಯ ಪೆಟ್ಟಿಗೆ ಹೊತ್ತು ಬಂದಿದ್ದಳು. ಆಕೆಯ ಅವ್ವ ನಮ್ಮ ಅತ್ತೆಯ ಮದುವೆಗೆ ಬಳೆ ಇಟ್ಟವಳು. ಈಕೆ ನಾದಿನಿಗೆ ಇಟ್ಟಳು, ನನಗೂ ಇಟ್ಟಳು. ಕುಬಸಕ್ಕೆ ಬೀಬಿಯನ್ನು ಕರೆಯುವ ರೂಢಿಯಿಲ್ಲ. ಸುದ್ದಿ ತಿಳಿದು ಆಕೆಯೇ ಬರುವುದು ರೂಢಿ. ಕರೆಯುವ ರೂಢಿ ಇಲ್ಲದ್ದರಿಂದ, ಬರಬೇಡ ಎಂದು ಹೇಳಿ ಕಳಿಸುವುದೂ ಯಾರಿಗೂ ಹೊಳೆದಿರಲಿಲ್ಲ.

ಆಕೆ ಹೊಸ್ತಿಲ ಒಳಗೆ ಕೂತು ಗಂಟು ಬಿಚ್ಚಿದಳು. ನಾದಿನಿ ಗೋಡೆಯ ಗಡಿಯಾರ ನೋಡಿದಳು. ಹುಡುಗಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಈಗ ಮಾತಾಡಬೇಕಾದವಳು ನಾನೇ ಎಂದುಕೊಂಡು, ಗಂಟಲು ಸರಿಮಾಡಿ, "ನೋಡ್ರಿ, ನಾವು ವಿಚಾರ ಮಾಡಬೇಕಾದದ್ದು..." ಎಂದು ಆರಂಭಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಳಗಿನಿಂದ ಬಂದು ಬೀಬಿಯ ಎದುರಿಗೆ ಕೂತು ಕೈ ಚಾಚಿಬಿಟ್ಟಳು. "ಬೀಬಿ, ನನ್ನ ಕೈಗೆ ಹತ್ತತಾವೇನ ನೋಡು. ಎಮ್ಮಿ ಹಿಂಡಿದ ಕೈ ಅದಾವ ಮತ್ತ."

"ಎಮ್ಮಿ ಹಿಂಡಿದ ಕೈ ಬೆಣ್ಣಿ ಇದ್ದಂಗ ಬೇಟಿ," ಬೀಬಿ ಆ ಬೆರಳುಗಳನ್ನು ಒತ್ತಿ ಮಡಿಚುತ್ತ ನಕ್ಕಳು. "ಪೆನ್ನು ಹಿಡದ ಕೈ ಬಿರುಸು. ಈ ಸೊಲ್ಲಾಪುರದ ಸೊಸಿ ಲಗ್ನದಾಗ ನನಗ ಬೆವರು ಇಳಿಸ್ಯಾಳ, ಕೇಳು ಬೇಕಾದ್ರ."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಗುವಿನ ಜೊತೆಗೇ ಮನೆಯ ಬಿಗುವು ಸಡಿಲವಾಯಿತು. ಅತ್ತೆ ಕೈ ಕೊಟ್ಟರು. ಓಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಕೂತರು. "ನನಗೂ ಇಡ್ರಿ" ಎಂದು ನಾದಿನಿಯೂ ಬಂದಳು. ನಾನೂ ಇಡಿಸಿಕೊಂಡೆ. ಬಳೆ ಇಡಿಸಿಕೊಂಡ ಮೇಲೆ ಬಳೆಗಾರ್ತಿಗೆ ನಮಸ್ಕಾರ ಮಾಡುವುದು ನಮ್ಮ ಪದ್ಧತಿ. ಪಕ್ಕದ ಮನೆಯಾಕೆ ಎಲ್ಲರಿಗಿಂತ ಮೊದಲು ಬೀಬಿಯ ಪಾದ ಮುಟ್ಟಿದಳು.

ನನಗೆ ಸಂತೋಷವಾಗಬೇಕಿತ್ತು. ನನ್ನ ಅಷ್ಟೊಂದು ಅಲ್ಪವಿರಾಮಗಳು ಮಾಡಲಾಗದ್ದನ್ನು ಆಕೆಯ ಒಂದು ಮುಂಗೈ ಮಾಡಿತ್ತು. ಕೆಡಿಸುವ ಮಾತೂ ಆಕೆಯದೇ ನಡೆಯಬೇಕು, ಸರಿಮಾಡುವ ಕೈಯೂ ಆಕೆಯದೇ ಆಗಬೇಕೆ? ನನಗೆ ಏನೂ ಉಳಿಸಬಾರದೆ?

ಕೊನೆಗೆ ಬೀಬಿ ಜೋಕಾಲಿಯ ಕಡೆ ತಿರುಗಿದಳು. ಎಲ್ಲಕ್ಕಿಂತ ಒಳ್ಳೆಯ ಬಳೆಗಳನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ತಂದಿದ್ದಳು. "ಬಾ ಬೇಟಿ, ಈಗ ನಿಂದು."

ಹುಡುಗಿ ತಾಯಿಯ ಮುಖ ನೋಡಿದಳು. "ಆಕಿಗೆ ಆಗಲೇ ಇಟ್ಟೇವಿ ಬೀಬಿ," ನಾದಿನಿ ಎಂದಳು. ಅವಳ ಕೈಯಲ್ಲಿ ಬೀಬಿ ಈಗಷ್ಟೇ ಇಟ್ಟ ಬಳೆಗಳೇ ಸದ್ದು ಮಾಡುತ್ತಿದ್ದವು.

"ಒಂದರ ಇಡ್ತೀನಿ ಬೇಟಾ. ಇಕಿ ನಿನ್ನ ಹೊಟ್ಯಾಗ ಇದ್ದಾಗ ನಿನಗ ನಾನೇ ಇಟ್ಟೀನಿ. ಶಾಸ್ತ್ರಕ್ಕ."

"ಬ್ಯಾಡ. ಇರ್ಲಿ."

ಪಕ್ಕದ ಮನೆಯಾಕೆ ಆ ಹೊತ್ತಿಗೆ ಅಡುಗೆ ಮನೆಯಲ್ಲಿ ಹೋಳಿಗೆಯ ಹೂರಣ ರುಚಿ ನೋಡುತ್ತ ಅತ್ತೆಯ ಜೊತೆ ನಗುತ್ತಿದ್ದಳು. ನಾನು ನಾದಿನಿಯ ಹತ್ತಿರ ಹೋಗಿ, "ಏನೂ ಆಗೂದಿಲ್ಲ, ನಾ ಹೇಳ್ತೀನಿ, ಇಡಿಸ್ರಿ" ಎಂದೆ. ಆಕೆ ನನ್ನ ಕೈ ಹಿಡಿದು ಮೆಲ್ಲಗೆ, "ವೈನಿ, ನಮ್ಮದು ಬ್ಯಾರೆ. ಬಸರಿ ಹುಡುಗಿದು ಬ್ಯಾರೆ" ಎಂದಳು. ಬೀಬಿಗೆ ಅದು ಕೇಳಿಸಿತು. ಕೇಳಿಸದವಳಂತೆ ಕಾಗದವನ್ನು ಮತ್ತೆ ಸುತ್ತಿದಳು. ಗಂಟು ಒಮ್ಮೆ ಸಡಿಲಾಯಿತು, ಮತ್ತೆ ಕಟ್ಟಿದಳು. ನಾದಿನಿ ಕೊಟ್ಟ ಅಕ್ಕಿ, ರವಿಕೆಯ ಖಣ ಇಸಿದುಕೊಂಡಳು. ಹೊಸ್ತಿಲಲ್ಲಿ ನಿಂತು, ಜೋಕಾಲಿಯ ಕಡೆ ನೋಡದೆ, "ಕೂಸು ಛಲೋ ಆಗ್ಲಿ" ಎಂದು ಹೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಊಟಕ್ಕೆ ನಿಲ್ಲಲಿಲ್ಲ. ಹಿಂದೆ ಯಾವಾಗಲೂ ನಿಲ್ಲುತ್ತಿದ್ದಳು.

ಮರಳುವ ಬಸ್ಸಿನಲ್ಲಿ ಅತ್ತೆ ಪಕ್ಕದ ಮನೆಯಾಕೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ನಾನು ಖಾಲಿ ಡಬ್ಬಿಗಳು ಒಂದಕ್ಕೊಂದು ಬಡಿಯದಂತೆ ಹಿಡಿದುಕೊಂಡಿದ್ದೆ. ಆಕೆ ಅತ್ತೆಗೆ ಎಚ್ಚರವಾಗಬಾರದೆಂದು ದಾರಿಯುದ್ದಕ್ಕೂ ಹೆಗಲು ಅಲುಗಿಸಲಿಲ್ಲ. ಅದನ್ನೂ ನಾನು ಗಮನಿಸಿದೆ. ಕೆಟ್ಟವಳಾಗಿದ್ದರೆ ನನಗೆಷ್ಟು ಸುಲಭವಾಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತೆ ಒಳಗೆ ಹೋದರು. ಆಕೆ ತನ್ನ ಬಾಗಿಲ ಮುಂದೆ ನಿಂತು, ಚೀಲದೊಳಗೆ ಕೀಲಿ ಹುಡುಕುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಅಲ್ರೀ ವೈನಿ, ಆ ಬಸರಿ ಹುಡುಗಿಗೆ ಯಾಕ ಇಡಿಸಲಿಲ್ಲರಿ ಬೀಬಿ ಕೈಲೆ? ಎಷ್ಟ ಮೆತ್ತಗ ಇಡ್ತಾಳ ಮುದುಕಿ. ಈ ಮಂದಿ ತಲ್ಯಾಗ ಯಾರ ಏನ ತುಂಬಿರ್ತಾರೋ ಏನೋ, ನೋಡ್ರಿ."