ಎರಡನೆಯ ಬ್ಯಾಗು

ಹೋದ ವರ್ಷ ಲಂಡನ್ನಿನಲ್ಲಿರುವ ತಂಗಿಯ ಮನೆಗೆ ಹೊರಡುವ ಹಿಂದಿನ ದಿನ, ಜಯನಗರದ ನಮ್ಮ ಮನೆಯಲ್ಲಿ ಯಜಮಾನರು ಇಬ್ಬರ ಬ್ಯಾಗುಗಳನ್ನೂ ತೂಗುತ್ತಿದ್ದರು. ವಿಮಾನದೊಳಗೆ ಒಬ್ಬರಿಗೆ ಏಳು ಕೆಜಿ ಮಾತ್ರ. "ಚಕ್ಕುಲಿ ಡಬ್ಬ ನನ್ನ ಬ್ಯಾಗಿಗೆ ಹಾಕೇ, ನಂದು ಎರಡೇ ಶರಟು" ಎಂದರು. ಬೆಳಗಾಗುವಷ್ಟರಲ್ಲಿ ಅವರ ಹೃದಯ ನಿಂತಿತ್ತು.

ಈ ವರ್ಷ ಮತ್ತೆ ಚಕ್ಕುಲಿ ಮಾಡಿ ಡಬ್ಬ ತುಂಬಿಕೊಂಡು ಒಬ್ಬಳೇ ಹೊರಟೆ. ವಿಮಾನ ನಿಲ್ದಾಣದಲ್ಲಿ ಬ್ಯಾಗು ತೂಗಿದ ಹುಡುಗಿ, "ಜಾಸ್ತಿ ಇದೆ ಮೇಡಂ. ಜೊತೇಲಿರೋರ ಬ್ಯಾಗಿಗೆ ಸ್ವಲ್ಪ ಹಾಕ್ಬಿಡಿ" ಎಂದಳು.

"ಒಬ್ಳೇ ಕಣಮ್ಮ" ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿನ ಚಳಿಗೆಂದು ಇಟ್ಟುಕೊಂಡಿದ್ದ ಅವರ ಉಣ್ಣೆಯ ಕೋಟನ್ನು ಬ್ಯಾಗಿನಿಂದ ತೆಗೆದು ಸೀರೆಯ ಮೇಲೆ ತೊಟ್ಟೆ. ತೂಕ ಸರಿಹೋಯಿತು.

ಚಕ್ಕುಲಿ ಡಬ್ಬ ತಂಗಿಯ ಮನೆ ತಲುಪಿತು. ತೋಳು ಉದ್ದವಾದ ಆ ಕೋಟನ್ನೇ ತೊಟ್ಟು ಹಿಂದಿರುಗಿದೆ. ಆಗಲೂ ನನ್ನ ಪಕ್ಕದಲ್ಲಿ ಎರಡನೆಯ ಬ್ಯಾಗು ಇರಲಿಲ್ಲ.