ಬಾಬಣ್ಣನ ‘ಎಂತ ಇಲ್ಲ’

೧೯೬೧ನೇ ಇಸವಿ. ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗಿದ್ದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಹಾಜರಿ ಬರೆಯುವುದು, ಲಾರಿ ಬಂದರೆ ಮೂಟೆ ಲೆಕ್ಕ ಹಾಕುವುದು, ಇಂಗ್ಲಿಷ್ ಟಪಾಲು ಬಂದರೆ ಧಣಿಗಳಿಗೆ ಓದಿ ಹೇಳುವುದು, ಇಷ್ಟಕ್ಕೆ ಸಂಬಳ. ಸಂಬಳವಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸವೆಂದರೆ ಎಲ್ಲರ ಅಣಕು. ಧಣಿಗಳು ಸೀನುವ ಮೊದಲು ಕನ್ನಡಕ ತೆಗೆದು ಯಾರ ಕೈಗಾದರೂ ಕೊಡುವುದು, ಸಿಪ್ಪೆ ತೆಗೆಯುವ ಹೆಂಗಸರ ಮೇಲ್ವಿಚಾರಕಿ ಲಲಿತಕ್ಕ ಬೈಯುವ ಮೊದಲು ಸೆರಗು ಸಿಕ್ಕಿಸುವುದು, ಇಂಗ್ಲಿಷ್ ಮಾತಾಡುವಾಗ ನನ್ನದೇ ಕುತ್ತಿಗೆ ಕೊಕ್ಕರೆಯಂತೆ ಉದ್ದವಾಗುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನಾನು ಕಲ್ಲುಗುಂಡಿಯವನು. ಮನೆಯಲ್ಲಿ ಅರೆಭಾಷೆ, ಕಾರ್ಖಾನೆಯಲ್ಲಿ ತುಳು, ಧಣಿಗಳೊಡನೆ ಕನ್ನಡ. ಹೀಗೆ ಪ್ರತಿ ಭಾಷೆಯಲ್ಲೂ ಒಬ್ಬೊಬ್ಬರ ಸಿಟ್ಟು ಸಂಪಾದಿಸಿದ್ದೆ.

ನಮ್ಮ ವ್ಯಾಪಾರದ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಅಮೇರಿಕದ ಒಂದು ಕಂಪೆನಿಗೆ ಗೇರುಬೀಜದ ತಿರುಳು ಬೇಕು. ಊರಿನ ಬೆಳೆ ಸಾಲದೆ ಹಸಿ ಬೀಜ ಆಫ್ರಿಕದಿಂದ ಹಡಗಿನಲ್ಲಿ ಮಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಲಾರಿಯಲ್ಲಿ ಪುತ್ತೂರಿಗೆ ತಂದು, ಕಬ್ಬಿಣದ ಡ್ರಮ್ಮಿನಲ್ಲಿ ಹುರಿದು, ಒಡೆದು, ಸಿಪ್ಪೆ ತೆಗೆದು, ತಗಡಿನ ಡಬ್ಬಗಳಲ್ಲಿ ತುಂಬಿಸಿ ಮತ್ತೆ ಮಂಗಳೂರಿಗೆ ಕಳಿಸುತ್ತಿದ್ದೆವು. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ದೊಡ್ಡ ಹಡಗು ದೂರ ಕಡಲಲ್ಲೇ ನಿಲ್ಲುತ್ತಿದ್ದರಿಂದ ಸರಕನ್ನು ಮಂಜಿ ಎಂಬ ಸಣ್ಣ ಹಾಯಿದೋಣಿಗಳಲ್ಲಿ ಸಾಗಿಸಬೇಕಿತ್ತು. ಅಲೆ ಎದ್ದರೆ ಮಂಜಿ ಇಲ್ಲ, ಮಂಜಿ ಇಲ್ಲದಿದ್ದರೆ ಅಮೇರಿಕವೂ ಇಲ್ಲ.

ಈ ಉದ್ದ ದಾರಿಯ ಒಂದು ಕೀಲು ಬಾಬಣ್ಣನ ಕೈಯಲ್ಲಿತ್ತು. ಬೆಟ್ಟಂಪಾಡಿಯ ಬಾಬಣ್ಣ ಡಬ್ಬಗಳಿಗೆ ಬೆಸುಗೆ ಹಾಕುವವನು. ಒಳಗಿನ ಗಾಳಿ ತೆಗೆದು ಗ್ಯಾಸ್ ತುಂಬಿಸಿದ ಡಬ್ಬವನ್ನು ಸೀಸದಿಂದ ಮುಚ್ಚಬೇಕು. ಸೂಜಿಮೊನೆಯಷ್ಟು ತೂತು ಉಳಿದರೂ ಹಡಗಿನಲ್ಲಿ ತಿಂಗಳುಗಟ್ಟಲೆ ಇರುವ ತಿರುಳಿಗೆ ಹುಳ ಹಿಡಿಯುತ್ತದೆ. ಅದಕ್ಕಾಗಿ ಪ್ರತಿ ಡಬ್ಬವನ್ನೂ ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಪದ್ಧತಿ. ಬಾಬಣ್ಣ ಮಾತ್ರ ಕೆಲವು ಕಾಲದಿಂದ ಆ ಪದ್ಧತಿ ಬಿಟ್ಟಿದ್ದ. ಡಬ್ಬದ ಎರಡು ಬದಿಯನ್ನು ಅಂಗೈಯಲ್ಲಿ ಒತ್ತಿ, ಬಗ್ಗಿ ಕಿವಿ ಇಡುತ್ತಿದ್ದ. ತೂತಿದ್ದರೆ ಸಣ್ಣಗೆ ‘ಸುಸ್’ ಎನ್ನುತ್ತದಂತೆ. ಒದ್ದೆ ಡಬ್ಬ ಒರೆಸುವ ಕೆಲಸ ತಪ್ಪಿತೆಂದು ಧಣಿಗಳಿಗೂ ಖುಷಿ.

ಆ ಬೇಸಿಗೆಯಲ್ಲಿ ಕಂಪೆನಿಯ ಪ್ರತಿನಿಧಿ ಹ್ಯಾರಿಸ್ ಸಾಹೇಬರು ಬೊಂಬಾಯಿಯಿಂದ ಬಂದರು. ಇಷ್ಟು ದೂರದ ಒಂದೇ ಕಾರ್ಖಾನೆಯನ್ನು ನಂಬಿ ದೊಡ್ಡ ಆರ್ಡರ್ ಕೊಡಬಹುದೇ ಎಂದು ಪರೀಕ್ಷಿಸುವುದು ಅವರ ಕೆಲಸ. ಬೆಂಕಿ ಬಿದ್ದರೆ ಏನು ಮಾಡುತ್ತೀರಿ, ಆಫ್ರಿಕದ ಹಡಗು ತಡವಾದರೆ ಏನು, ಬಂದರು ಬೇಗ ಮುಚ್ಚಿದರೆ ಏನು ಎಂದು ಬೆಳಗಿನಿಂದ ಕೇಳಿದರು. ನಾನು ಕುತ್ತಿಗೆ ಉದ್ದ ಮಾಡಿ ಭಾಷಾಂತರಿಸಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಡ್ರಮ್ ನಿಂತಿತು. ಹೆಂಗಸರು ಏನಾದರೂ ಮಾಡಿ ತೋರಿಸು ಎಂದರು. ನಾನು ಬಾಬಣ್ಣನ ಮೇಜಿಗೆ ಹೋಗಿ ಡಬ್ಬಕ್ಕೆ ಕಿವಿ ಇಟ್ಟೆ.

“ಹಲೋ, ಅಮೇರಿಕವಾ? ಇದು ಪುತ್ತೂರಿನಿಂದ ಬಾಬಣ್ಣ. ನಿಮ್ಮಲ್ಲಿ ಊಟ ಆಯ್ತಾ?”

“ಅಮೇರಿಕದವರಿಗೆ ಊಟ ಆಗಿರ್ತದೆ. ನಿಂಗೆ ಇವತ್ತು ನನ್ನ ಕೈಯಿಂದ ಆಗ್ತದೆ ನೋಡು,” ಎಂದ ಬಾಬಣ್ಣ, ನಗುತ್ತಲೇ.

ಬಾಗಿಲಲ್ಲಿ ನಿಂತಿದ್ದ ಸಾಹೇಬರೂ ನಕ್ಕರು. ಆಮೇಲೆ ಅವರ ಕಣ್ಣು ಒಣಗಿದ ತೊಟ್ಟಿಯ ಮೇಲೆ ಬಿತ್ತು. ಇದಕ್ಕೆ ಯಾಕೆ ನೀರಿಲ್ಲ ಎಂದು ಕೇಳಿದರು.

“ಬಾಬಣ್ಣ, ತೊಟ್ಟಿಗೆ ಯಾಕೆ ನೀರು ಹಾಕುದಿಲ್ಲ ಅಂತ ಕೇಳ್ತಾರೆ. ಎಂತಾದ್ರೂ ತೊಂದರೆ ಉಂಟಾ?”

“ಎಂತ ಇಲ್ಲ,” ಎಂದ. “ಕಿವಿ ಸಾಕಾಗ್ತದೆ ಅಂತ ಹೇಳು.”

ನಾನು ಸರಿಯಾಗಿಯೇ ‘ನಥಿಂಗ್’ ಎಂದೆ. ಸಾಹೇಬರು ಅಷ್ಟಕ್ಕೆ ಬಿಡುವವರಲ್ಲ. ಬಾಬಣ್ಣನನ್ನು ಹೊರಗೆ ಕಳಿಸಿ, ಕೆಲವು ಡಬ್ಬಗಳಲ್ಲಿ ಒಂದಕ್ಕೆ ಸೂಜಿಯಿಂದ ತೂತು ಮಾಡಿಸಿ, ಅವನನ್ನು ಒಳಗೆ ಕರೆದು ಹುಡುಕು ಎಂದರು. ಬಾಬಣ್ಣ ಒಂದೊಂದಕ್ಕೂ ಕಿವಿ ಇಟ್ಟು, ತೂತಿನದನ್ನೇ ಬದಿಗೆ ಸರಿಸಿದ. ಸಾಹೇಬರು ಅವನ ಕೈ ಕುಲುಕಿದರು. ಸಂಜೆಗೆ ಆರ್ಡರ್ ನಮ್ಮದಾಯಿತು. ಎಂದಿಗಿಂತ ಎರಡು ಪಾಲು ಸರಕು, ಬಂದರು ಮುಚ್ಚುವ ಮೊದಲು.

ಅಷ್ಟು ಹುರಿಯಲು ಒಂದು ಡ್ರಮ್ ಸಾಲದು. ಧಣಿಗಳು ಇನ್ನೊಂದನ್ನು ತರಿಸಿದರು. ಹಳೆಯದು ಅಂಗಳದ ಆಚೆ ಬದಿಯಲ್ಲಿತ್ತು, ಹೊಸದಕ್ಕೆ ಜಾಗ ಇದ್ದದ್ದು ಬಾಬಣ್ಣ ಬೆಸುಗೆ ಹಾಕುವ ಮಾಡಿನ ಪಕ್ಕದಲ್ಲಿ ಮಾತ್ರ.

“ಬಾಬ, ಇಲ್ಲಿ ಡ್ರಮ್ ಇಟ್ರೆ ನಿಂಗೆ ತೊಂದರೆ ಉಂಟಾ?”

“ಎಂತ ಇಲ್ಲ ಧಣಿ.”

ನಮ್ಮ ಕಡೆಯವರ ಈ ಮಾತನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಜ್ವರ ಬಂದವನೂ ಎಂತ ಇಲ್ಲ ಎನ್ನುತ್ತಾನೆ, ಮನೆಯಲ್ಲಿ ಜಗಳವಾಡಿ ಬಂದವಳೂ ಎಂತ ಇಲ್ಲ ಎನ್ನುತ್ತಾಳೆ. ನಾನೇ ಅದನ್ನು ಹತ್ತಾರು ಬಗೆಯಲ್ಲಿ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಇಂಗ್ಲಿಷಿನಲ್ಲಿ ಮಾತ್ರ ಅಷ್ಟಕ್ಕೂ ಸೇರಿ ಒಂದೇ ಪದವಿತ್ತು.

ಆ ಬೇಸಿಗೆ ಡ್ರಮ್ ಊಟದ ಹೊತ್ತಿಗೂ ನಿಲ್ಲಲಿಲ್ಲ. ಗಡಗಡ ಸದ್ದಿನಲ್ಲಿ ಲಲಿತಕ್ಕನ ಬೈಗುಳವೇ ಯಾರಿಗೂ ಕೇಳುತ್ತಿರಲಿಲ್ಲ. ಕೊನೆಯ ಮಂಜಿಗಳು ಹೋಗುವ ಹೊತ್ತಿಗೆ ಸರಕೆಲ್ಲ ಹಡಗು ಸೇರಿತ್ತು. ಧಣಿಗಳು ಪಾಯಸದ ಊಟ ಹಾಕಿಸಿದರು.

ಮಳೆಗಾಲದ ನಡುವೆ ಅಮೇರಿಕದಿಂದ ತಂತಿ ಬಂತು. ಓದಿ ಹೇಳುವವನು ನಾನೇ ಆದ್ದರಿಂದ ಧಣಿಗಳ ಮುಖ ಮೊದಲು ನೋಡಿದವನೂ ನಾನೇ. ಡಬ್ಬಗಳಲ್ಲಿ ಬಹುಪಾಲಿಗೆ ಹುಳ ಹಿಡಿದಿದೆ, ಸರಕು ತಿರಸ್ಕೃತ, ಮುಂದಿನ ಆರ್ಡರ್ ರದ್ದು. ಧಣಿಗಳು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಸೀನಲಿಲ್ಲ.

ಬೆಂಕಿ, ಬಂದರು, ಹಡಗು ಎಂದು ಸಾಹೇಬರು ಹೆದರಿದ್ದ ಯಾವುದೂ ಕೈ ಕೊಟ್ಟಿರಲಿಲ್ಲ. ಡ್ರಮ್ಮುಗಳು ತಣ್ಣಗಾದವು. ಲಲಿತಕ್ಕ ಮತ್ತು ಹೆಂಗಸರು ಬೀಡಿ ಕಟ್ಟುವುದಕ್ಕೆ ಹೋದರು. ಹೋಗುವ ದಿನ ಲಲಿತಕ್ಕ ಸೆರಗು ಸಿಕ್ಕಿಸಿದಳು, ಆದರೆ ಬೈಯಲಿಲ್ಲ. “ನಿನ್ನ ನಾಟಕ ನೋಡ್ಲಿಕ್ಕೆ ಇನ್ನು ಯಾರನ್ನು ಹುಡುಕ್ತಿ ಮಾರಾಯ,” ಎಂದಳು.

ಮಳೆ ನಿಂತ ಮೇಲೆ ಸಾಹೇಬರು ಮಾದರಿಗೆಂದು ತೆರೆಯದ ಒಂದು ಡಬ್ಬ ವಾಪಸು ಕಳಿಸಿದರು. ಬಾಬಣ್ಣ ಉಳಿದ ಸಾಮಾನು ಒಯ್ಯಲು ಬಂದಿದ್ದ. ಇಡೀ ಕಾರ್ಖಾನೆಯಲ್ಲಿ ನಾವಿಬ್ಬರೇ. ಯಾರೂ ಹೇಳದೆ ಅವನು ಆ ಡಬ್ಬವನ್ನು ಮೇಜಿನ ಮೇಲಿಟ್ಟು, ಎರಡು ಬದಿ ಒತ್ತಿ, ಕಿವಿ ಇಟ್ಟ. ತುಂಬ ಹೊತ್ತು ಹಾಗೆಯೇ ಇದ್ದ.

“ಎಂತ ಬಾಬಣ್ಣ?”

“ಉಂಟು,” ಎಂದ. “ಗಾಳಿ ಹೋಗ್ತಾ ಉಂಟು.”

ಅಷ್ಟು ವರ್ಷದಲ್ಲಿ ಅವನ ಬಾಯಲ್ಲಿ ‘ಉಂಟು’ ಕೇಳಿದ್ದು ಆವತ್ತೇ ಮೊದಲು.

“ಡ್ರಮ್ಮಿನ ಸದ್ದಿಗೆ ಕೇಳುದಿಲ್ಲ ಅಂತ ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀರಿಗೆ ಹಾಕು ಅಂತಾರೆ. ನೀರಿಗೆ ಹಾಕಿದ್ರೆ ನಂಗೆ ಗುಳ್ಳೆ ಕಾಣುದಿಲ್ಲ ಮಾರಾಯ. ಕಣ್ಣಿಗೆ ಪೊರೆ ಬಂದು ಎರಡು ಮಳೆಗಾಲ ಆಯ್ತು. ಬೆಸುಗೆಯವನಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಯಾರು ಇಟ್ಟುಕೊಳ್ತಾರೆ?”

ಬೆಸುಗೆ ಹಾಕುವ ಕಬ್ಬಿಣವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಮೆಟ್ಟಿಲಿನ ಅಂಚನ್ನು ಕಾಲಿನಿಂದ ತಡವಿ ಇಳಿದ. ಅಷ್ಟು ಜನರ ನಡಿಗೆ ಅಣಕಿಸಿದ ನಾನು ಅವನು ಹೀಗೆ ಇಳಿಯುವುದನ್ನು ನೋಡಿಯೇ ಇರಲಿಲ್ಲ.

ಈಗ ನಾನು ರಫ್ತು ಸರಕಿನ ತಪಾಸಣೆಯ ಕೆಲಸದಲ್ಲಿದ್ದೇನೆ. ಯಾವ ಕಾರ್ಖಾನೆಗೆ ಹೋದರೂ ತೊಂದರೆ ಉಂಟಾ ಎಂದು ಕೇಳುವುದಿಲ್ಲ, ಉತ್ತರ ನನಗೆ ಗೊತ್ತು. ಊಟದ ಹೊತ್ತಿನಲ್ಲಿ ಪರೀಕ್ಷೆ ಮಾಡುವುದಿಲ್ಲ. ಎಲ್ಲ ಯಂತ್ರಗಳೂ ಓಡುತ್ತಿರುವಾಗ ಕೆಲಸದವರ ಪಕ್ಕ ನಿಂತು, ನೀವು ಇದನ್ನು ಹೇಗೆ ಮಾಡುದು, ತೋರಿಸಿ ಎನ್ನುತ್ತೇನೆ. ಏನನ್ನು ಬಿಟ್ಟು ಏನನ್ನು ಮಾಡುತ್ತಾರೆ ಎಂದು ನೋಡುತ್ತೇನೆ. ಬಿಟ್ಟದ್ದು ಯಾಕೆ ಎಂಬುದನ್ನು ಆಮೇಲೆ, ಒಬ್ಬರೇ ಇದ್ದಾಗ ಕೇಳುತ್ತೇನೆ.

ಅಣಕು ಬಿಟ್ಟಿಲ್ಲ. ಧಣಿಗಳ ಸೀನು, ಲಲಿತಕ್ಕನ ಸೆರಗು, ನನ್ನ ಕೊಕ್ಕರೆ ಕುತ್ತಿಗೆ, ಕೇಳಿದವರಿಗೆಲ್ಲ ಉಂಟು. ಬಾಬಣ್ಣನ ಡಬ್ಬದ ಟೆಲಿಫೋನನ್ನು ಮಾತ್ರ ಯಾರು ಎಷ್ಟು ಕೇಳಿದರೂ ಎತ್ತುವುದಿಲ್ಲ. ಯಾಕೆ, ಎಂತ ಆಯ್ತು ಎಂದು ಕೇಳುತ್ತಾರೆ.

ಎಂತ ಇಲ್ಲ ಎನ್ನುತ್ತೇನೆ.