ಹಿತ್ತಲ ಮನೆಗೆ ಪರವಾನಿಗೆ

ಗಂಡ ತೀರಿಕೊಂಡ ಮರುವರ್ಷ ನನ್ನ ಅಕ್ಕ ಮಹಾಲಿಂಗಪುರದ ಬಾಡಿಗೆ ಮನೆ ಬಿಟ್ಟು ಬನಹಟ್ಟಿಗೆ, ನಮ್ಮ ಮನೆಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಮಂಚ, ಹೊಲಿಗೆ ಯಂತ್ರ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿ ಅವಳಿಗೆ ಕೊಟ್ಟೆವು. ತಿಂಗಳು ಕಳೆದಿರಬೇಕು, ಒಂದು ಮುಂಜಾನೆ ಚಹಾ ಕುಡಿಯುತ್ತ ಕೇಳಿದಳು:

“ತಮ್ಮಾ, ಹಿತ್ತಲದಾಗ ಮಗ್ಗದ ಶೆಡ್ ಇದ್ದ ಜಾಗಾ ಖಾಲಿ ಬಿದ್ದೈತಲ್ಲ. ಅಲ್ಲೊಂದು ಸಣ್ಣ ಮನಿ ಕಟ್ಟಿಸಿಕೊಳ್ಳಲೇನು?”

ನನ್ನ ಮುಖ ಸಪ್ಪಗಾಯಿತು. “ಇಲ್ಲಿ ಏನ್ ಕಡಿಮಿ ಆಗೇತಿ ಅಕ್ಕಾ?”

“ಏನೂ ಕಡಿಮಿ ಆಗಿಲ್ಲೋ. ನಿನ್ನ ಹೇಂತಿ ಒಂದು ಕೆಲಸಾ ಮುಟ್ಟಗೊಡೂದಿಲ್ಲ. ದಿನಾ ಪಾವಣೇರಾಗಿ ಕುಂತು ಉಂಡು ಹೆಂಗ ಇರಲಿ? ನಂದೊಂದು ಒಲಿ ಬೇಕು, ನಂದೊಂದು ಬಾಗಲಾ ಬೇಕು.”

ಎರಡು ದಿನ ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ನನ್ನ ಮನೆ ಅವಳಿಗೆ ಸೇರಲಿಲ್ಲ ಎಂದೇ ತಿಳಿದಿದ್ದೆ. ಕಡೆಗೆ ಹೆಂಡತಿಯೇ ನನ್ನನ್ನು ಗದರಿಸಿ, ನಕ್ಷೆ ಬರೆದುಕೊಡುವ ಇಂಜಿನಿಯರನ ಹತ್ತಿರ ಕಳಿಸಿದಳು. ಅಕ್ಕನೂ ಬಂದಳು.

ಅವನು ತಿಳಿಸಿ ಹೇಳಿದ: ಬೇರೆ ಅಡುಗೆಮನೆ, ಬೇರೆ ಬಾಗಿಲು ಅಂದರೆ ಅದು ಎರಡನೆಯ ಮನೆಯ ಲೆಕ್ಕ. ನಗರಸಭೆಯ ಪರವಾನಿಗೆ ಬೇಕು, ಸುತ್ತಲೂ ಜಾಗ ಬಿಡಬೇಕು. ಆಮೇಲೆ ದನಿ ತಗ್ಗಿಸಿ, “ಸ್ಟೋರ್ ರೂಮ್ ಅಂತ ತೋರಸೂಣ್ರಿ. ಒಲಿ ನಕ್ಷಾದಾಗ ಬ್ಯಾಡ,” ಎಂದ.

“ನಾ ಏನ್ ಸಾಮಾನೇನ್ರಿ, ಸ್ಟೋರ್ ರೂಮಿನ್ಯಾಗ ಇಡಾಕ?” ಎಂದಳು ಅಕ್ಕ.

ಅವನು ನಕ್ಕ. ಅವಳು ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ಹೊಸ ಹಾಳೆ ತೆಗೆದುಕೊಂಡ.

ಅರ್ಜಿ ಕೊಟ್ಟ ಮೇಲೆ ನಗರಸಭೆಯ ಅಧಿಕಾರಿ ಟೇಪು ಹಿಡಿದು ಹಿತ್ತಲಿಗೆ ಬಂದರು. ಅಳೆದು ನೋಡಿ ತಲೆ ಅಲ್ಲಾಡಿಸಿದರು. “ನಕ್ಷಾದಾಗ ಹಿಂದ ಜಾಗಾ ಕಡಿಮಿ ಬಿಟ್ಟೀರಿ. ಹಿಂದಿನ ಗ್ವಾಡಿ ಮೂರು ಅಡಿ ಒಳಗ ಸರಸಬೇಕ್ರಿ.”

“ನಮ್ಮ ಜಾಗಾ, ನಮ್ಮ ಗ್ವಾಡಿ. ಯಾರಿಗೇನು ತ್ರಾಸ್ರಿ?” ಎಂದು ನಾನು ದನಿ ಏರಿಸಿದೆ.

“ಬೆಂಕಿ ಗಿಂಕಿ ಹತ್ತಿತಂದ್ರ ಅಕ್ಕಾರ ಯಾ ಕಡಿಂದ ಹೊರಗ ಬರಬೇಕ್ರಿ?” ಅವರು ಸಿಟ್ಟಿನಿಂದ ಕೇಳಲಿಲ್ಲ.

ಮೂರು ಅಡಿ ಹೋದರೆ ಆ ಮನೆಯಲ್ಲಿ ಉಳಿಯುವುದೇನು? ಇದು ಆಗದ ಮಾತು ಎಂದು ನಾನು ಕೈಬಿಟ್ಟೆ. ಒಳಗೊಳಗೇ ಸ್ವಲ್ಪ ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಕೆಲಸ ಮುಗಿಸಿ ಮನೆಗೆ ಬಂದಾಗ ಅಕ್ಕ ಕೋಣೆಯಲ್ಲಿರಲಿಲ್ಲ. ಮಂಚವೂ ಇರಲಿಲ್ಲ. ಹಿತ್ತಲಿಗೆ ಹೋದರೆ, ಬಯಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಮೂರು ಅಡಿ ಕಡಿಮೆಯಾದ ಮನೆಯನ್ನು ನೆಲದ ಮೇಲೆ ಬರೆದುಕೊಂಡಿದ್ದಳು. ಒಳಗೆ ಮಂಚ, ಟ್ರಂಕು. ಒಂದು ಮೂಲೆಯಲ್ಲಿ ಒಲೆಗೆಂದು ಎರಡು ಇಟ್ಟಂಗಿ. ನಡುವೆ ಕುಳಿತು ಯಂತ್ರದ ಮೇಲೆ ಯಾರದೋ ಕುಪ್ಪಸ ಹೊಲಿಯುತ್ತಿದ್ದಳು.

“ಏನ್ ಅಕ್ಕಾ ಇದು?”

“ಹಿಡೀತೈತೋ ಇಲ್ಲೋ ನೋಡಾಕತ್ತೇನಿ. ಮಂಚ ಅಡ್ಡ ಹಾಕಿದ್ರ ಹಿಡೀತೈತಿ.” ಗೆರೆಯ ಹೊರಗೆ ನಿಂತಿದ್ದ ನನ್ನನ್ನು ನೋಡಿ, “ಬಾಗಲಾ ಆ ಕಡಿ ಐತಿ, ಸುತ್ತ ಹಾಕಿ ಬಾ,” ಎಂದಳು.

ನಾನು ಸುತ್ತು ಹಾಕಿ ಬಂದೆ. ಮಂಚದ ಮೇಲೆ ಕುಳಿತೆ. ತನ್ನ ಮನೆಯಲ್ಲಿ ಅವಳ ಮುಖ ಹೇಗಿರುತ್ತದೆ ಎಂದು ಅವತ್ತು ಕಂಡೆ. ನನ್ನ ಮುನಿಸು ಎಷ್ಟು ಸಣ್ಣದು ಎಂದೂ ತಿಳಿಯಿತು.

ಹೊಸ ನಕ್ಷೆಗೆ ಪರವಾನಿಗೆ ಸಿಕ್ಕಿತು. ಮನೆ ಮುಗಿಯಲು ಐದು ತಿಂಗಳು ಹಿಡಿಯಿತು. ಮೊದಲ ಊಟಕ್ಕೆ ನಮ್ಮಿಬ್ಬರನ್ನೂ ಕರೆದಳು. ಹೊತ್ತಿಗೆ ಸರಿಯಾಗಿ ಹೋದೆವು. ಬಾಗಿಲು ಮುಚ್ಚಿತ್ತು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಹುಟ್ಟಿ ಬೆಳೆದ ಮನೆಯ ಹಿತ್ತಲಲ್ಲೇ ನಿಂತು ನಾನು ಬಾಗಿಲು ಬಡಿದೆ.

“ಯಾರ್ರೀ?” ಎಂದು ಒಳಗಿನಿಂದ ಕೂಗಿದಳು. ಆ ದನಿಯಲ್ಲಿ ಎಂಥ ಗತ್ತು ಇತ್ತೆಂದರೆ, ನನಗಿಂತ ಮೊದಲು ನನ್ನ ಹೆಂಡತಿ ನಕ್ಕಳು.